ಸ್ಯಾಂಪಲ್ ಪಾಸಾದರೆ ಸಾಲದು, ಪೈಲಟ್ ಲಾಟಿಗೂ ದುಡ್ಡು, ವೇಳೆ ಕೊಡಿ

ಮಾನ್ಯ ಸಂಪಾದಕರೇ,

ಸೇನೆಯ ಹೊಸ ತೋಪೋ ಕ್ಷಿಪಣಿಯೋ ಪರೀಕ್ಷೆಯಲ್ಲಿ ಗೆದ್ದ ಸುದ್ದಿ ಓದಿದವರು, ಅದು ಸೈನಿಕರ ಕೈಗೆ ಇನ್ನೂ ಯಾಕೆ ಬಂದಿಲ್ಲ ಎಂದು ಕೇಳುತ್ತಾರೆ. ದೇಶದಲ್ಲೇ ರೂಪಿಸಿದ ಎಟಿಎಜಿಎಸ್ ಎಂಬ ತೋಪಿನ ಯೋಜನೆ ಶುರುವಾದದ್ದು 2013ರಲ್ಲಿ, 307 ತೋಪುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಮಾರ್ಚಿನಲ್ಲಿ. ತಡವಾಗಲು ಕಡತ, ಹಣ, ನಡುವೆ ಬದಲಾಗುವ ಬೇಡಿಕೆ ಎಲ್ಲವೂ ಕಾರಣ ಇರಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ವಸಾಹತುಗಳಲ್ಲಿ ಬಿಡಿಭಾಗ ಮಾಡುವ ನಮ್ಮಂಥವರಿಗೆ ಹತ್ತಿರದಿಂದ ಕಾಣುವ ಕಾರಣ ಇನ್ನೊಂದಿದೆ. ಒಂದು ಒಳ್ಳೆಯ ಸ್ಯಾಂಪಲ್ ಮಾಡುವುದಕ್ಕೂ ಅಂಥದ್ದೇ 500 ಮಾಡುವುದಕ್ಕೂ ನಡುವೆ ಪೈಲಟ್ ಲಾಟ್, ಅಂದರೆ ಮೊದಲು ಒಂದು ಸಣ್ಣ ಕಂತು ಮಾಡಿ ನೋಡುವ ಹಂತವಿದೆ. ಟೆಂಡರುಗಳಲ್ಲಿ ಬಹುಮಟ್ಟಿಗೆ ಅದಕ್ಕೆ ಜಾಗವೇ ಇರುವುದಿಲ್ಲ.

ಸ್ಯಾಂಪಲನ್ನು ಕಾರ್ಖಾನೆಯ ಅತ್ಯಂತ ನುರಿತ ಫಿಟ್ಟರ್ ಕೂಡಿಸುತ್ತಾನೆ. ಹಿಡಿದಲ್ಲಿ ಒಂದಿಷ್ಟು ತಿಕ್ಕುತ್ತಾನೆ, ಸಡಿಲಾದಲ್ಲಿ ಶಿಮ್ (ತೆಳು ಲೋಹದ ಪಟ್ಟಿ) ಇಡುತ್ತಾನೆ. ಇದಾವುದೂ ಡ್ರಾಯಿಂಗಿಗೆ ಏರುವುದಿಲ್ಲ. ಅಲ್ಯೂಮಿನಿಯಂ ಹೌಸಿಂಗಿನಲ್ಲಿ (ಹೊರಕವಚದಲ್ಲಿ) ಪಿನ್ ಕೂರುವ 20 ಮಿ.ಮೀ. ವ್ಯಾಸದ, ಎಚ್7 ಎಂಬ ನಿಖರತೆಯ ದರ್ಜೆಯ ರಂಧ್ರವಿದೆ ಎನ್ನಿ. ಅದಕ್ಕೆ ಸಿಗುವ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, ಬರೀ 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹಾರ್ಡ್ ಅನೋಡೈಸಿಂಗ್ ಮಾಡಿ ಮೇಲ್ಮೈಗೆ 50 ಮೈಕ್ರಾನ್ ದಪ್ಪದ ಗಟ್ಟಿ ಆಕ್ಸೈಡ್ ಪದರ ಬೆಳೆಸಿದರೆ ಅದರ ಸುಮಾರು ಅರ್ಧ ಹೊರಕ್ಕೆ ಬೆಳೆಯುತ್ತದೆ, ಎರಡೂ ಬದಿ ಸೇರಿ ವ್ಯಾಸ 50 ಮೈಕ್ರಾನಿನಷ್ಟು ಕಿರಿದಾಗುತ್ತದೆ. ಸ್ಯಾಂಪಲಿನಲ್ಲಿ ಫಿಟ್ಟರ್ ಲ್ಯಾಪಿಂಗ್ ಮಾಡಿ (ನುಣ್ಣಗೆ ಉಜ್ಜಿ) ಪಿನ್ ಕೂರಿಸಿರುತ್ತಾನೆ, ಪರೀಕ್ಷೆ ಪಾಸಾಗುತ್ತದೆ. ಆರ್ಡರ್ ಬಂದು 500 ಹೌಸಿಂಗ್ ಅನೋಡೈಸ್ ಆಗಿ ಬಂದ ಮೇಲೆ ಒಂದರಲ್ಲೂ ಪಿನ್ ಇಳಿಯುವುದಿಲ್ಲ. ಪರಿಹಾರ ಕಷ್ಟದ್ದೇನಲ್ಲ: ಅನೋಡೈಸಿಂಗಿಗೆ ಮೊದಲು ರಂಧ್ರವನ್ನು 20.050ರಿಂದ 20.071 ಮಿ.ಮೀ. ಒಳಗೆ ಬೋರ್ ಮಾಡಬೇಕು, ಇಲ್ಲವೇ ಪದರ ಬೆಳೆಯದಂತೆ ರಂಧ್ರವನ್ನು ಮುಚ್ಚಿ ಮಾಸ್ಕ್ ಮಾಡಬೇಕು. ಮೊದಲಿನ ಅಳತೆ, ನಂತರದ ಅಳತೆ ಎರಡೂ ಡ್ರಾಯಿಂಗಿನಲ್ಲಿರಬೇಕು. ಆದರೆ ಡ್ರಾಯಿಂಗ್ ತಿದ್ದುವ ಅಧಿಕಾರ ನಮ್ಮದಲ್ಲ. ಪತ್ರ ಬರೆದು ಹೊಸ ರಿವಿಜನ್ ಬರುವ ತನಕ ಮಷಿನ್ ಖಾಲಿ ನಿಲ್ಲುತ್ತದೆ, ಪೂರೈಕೆಯ ಗಡುವು ಮಾತ್ರ ನಿಲ್ಲುವುದಿಲ್ಲ.

ಪ್ಲೇಟಿಂಗಿನ (ಲೋಹ ಲೇಪನದ) ತಪ್ಪು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. 12.9 ದರ್ಜೆಯ ಬೋಲ್ಟಿನಂಥ ಗಟ್ಟಿ ಉಕ್ಕಿಗೆ ವಿದ್ಯುತ್ ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಗೆ ಸೇರಿ ಉಕ್ಕು ಸುಲಭವಾಗಿ ಮುರಿಯುವಂತಾಗುತ್ತದೆ. ಅದನ್ನು ಹೊರಹಾಕಲು ನಾಲ್ಕು ಗಂಟೆಯೊಳಗೆ ಓವನ್ನಿಗೆ ಹಾಕಿ, 190ರಿಂದ 220 ಡಿಗ್ರಿಯಲ್ಲಿ ಎಂಟು ಗಂಟೆಯೋ ಇನ್ನೂ ಹೆಚ್ಚೋ ಬೇಕಿಂಗ್ ಮಾಡಬೇಕು. ಹತ್ತು ಬೋಲ್ಟ್ ಇದ್ದಾಗ ಇದು ಸಲೀಸು. ಸಾವಿರ ಬೋಲ್ಟ್ ಸಂಜೆ ತೊಟ್ಟಿಯಿಂದ ಹೊರಬಂದು, ಓವನ್ ಮರುದಿನ ಬೆಳಿಗ್ಗೆ ಖಾಲಿಯಾದರೆ ಹೊತ್ತು ಮೀರಿರುತ್ತದೆ. ಅಂಥ ಬೋಲ್ಟ್ ಅಳತೆಯಲ್ಲೂ ಗಡಸುತನದಲ್ಲೂ ಪಾಸಾಗುತ್ತದೆ, ಬಿಗಿದು ಕೂರಿಸಿದ ಕೆಲವು ಗಂಟೆ ಅಥವಾ ದಿನಗಳ ಮೇಲೆ ತಲೆ ಕಳಚುತ್ತದೆ. ತೊಟ್ಟಿಯಿಂದ ತೆಗೆದ ಹೊತ್ತು, ಓವನ್ನಿಗೆ ಹಾಕಿದ ಹೊತ್ತು, ತಾಪಮಾನದ ಚಾರ್ಟ್ ಮೂರೂ ಲಾಟ್ ಜೊತೆಗೇ ಬರಬೇಕು.

ನಮ್ಮೂರ ಬೇಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಡ್ರಾಯಿಂಗಿನ ಅಳತೆಗಳೆಲ್ಲ 20 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಶೆಡ್ಡಿನೊಳಗೆ 35 ಡಿಗ್ರಿ ಇದ್ದರೆ 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಭಾಗ ಸುಮಾರು 69 ಮೈಕ್ರಾನ್ ಹಿಗ್ಗಿರುತ್ತದೆ. ಅಲ್ಲಿ ಸರಿ ಎನಿಸಿದ್ದು ಖರೀದಿದಾರರ ಹವಾನಿಯಂತ್ರಿತ ಕೋಣೆಯಲ್ಲಿ ತಿರಸ್ಕೃತವಾಗುತ್ತದೆ.

ಕಚ್ಚಾವಸ್ತುವಿನದು ಮತ್ತೊಂದು. ಸ್ಯಾಂಪಲಿಗೆ ಬಳಸಿದ ಇಎನ್24 ದರ್ಜೆಯ ಉಕ್ಕಿನ ಬಾರ್ ಒಂದು ಹೀಟಿನದು (ಒಮ್ಮೆಗೆ ಕರಗಿಸಿ ತೆಗೆದ ಕಂತಿನದು), ಆರ್ಡರಿಗೆ ಬರುವುದು ಬೇರೆ ಹೀಟಿನದು. ಕತ್ತರಿಸಿದ ಪ್ರತಿ ತುಂಡಿಗೂ ಹೀಟ್ ನಂಬರ್ ಪಂಚ್ ಹೊಡೆಯಬೇಕು, ಪ್ರತಿ ಹೀಟಿನಿಂದ ಒಂದು ತುಂಡನ್ನು, ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ತಿಳಿಸುವ ಸ್ಪೆಕ್ಟ್ರೋ ಪರೀಕ್ಷೆಗೆ ಕಳಿಸಬೇಕು. ಕೊಂಡು ತರುವ ಭಾಗಗಳಿಗೂ ಇದೇ ಎಚ್ಚರ ಬೇಕು. ಧನುಷ್ ತೋಪಿಗೆ ಜರ್ಮನಿಯದೆಂದು ಚೀನಾದ ಬೇರಿಂಗ್ ಪೂರೈಸಿದ ಆರೋಪದ ಮೇಲೆ 2017ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತ್ತು. ಪೂರೈಕೆದಾರರ ಕಾಗದವೊಂದನ್ನೇ ನಂಬಿದರೆ ಆಗುವುದು ಇದೇ.

ಇವನ್ನೆಲ್ಲ ಹಿಡಿಯಲು ಇರುವ ದಾರಿ ಪೈಲಟ್ ಲಾಟ್. ಕನಿಷ್ಠ 30 ನಗ ಮಾಡಬೇಕು, ಅದೂ ಮುಂದೆ ಆರ್ಡರ್ ಓಡುವ ಮಷಿನ್ನಿನಲ್ಲಿ, ಅದೇ ಫಿಕ್ಸ್ಚರಿನಲ್ಲಿ (ಭಾಗವನ್ನು ಹಿಡಿದಿಡುವ ಸಾಧನದಲ್ಲಿ), ಪಾಳಿಯ ಮಾಮೂಲಿ ಆಪರೇಟರ್ ಕೈಯಿಂದ. ಮೊದಲ ನಗದಲ್ಲಿ ಡ್ರಾಯಿಂಗಿನ ಪ್ರತಿ ಅಳತೆಗೂ ನಂಬರ್ ಹಾಕಿ ವರದಿ ಬರೆಯಬೇಕು. ಮುಖ್ಯ ಅಳತೆಗಳಲ್ಲಿ 30 ನಗಗಳ ಸಿಪಿಕೆ (ಅಳತೆಗಳು ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರುತ್ತವೆ ಎಂಬುದರ ಸೂಚ್ಯಂಕ) 1.33ಕ್ಕಿಂತ ಕಡಿಮೆ ಬಂದರೆ ಟೂಲ್ ಸವೆತವನ್ನೋ ಫಿಕ್ಸ್ಚರನ್ನೋ ಸರಿಪಡಿಸದೆ ಮುಂದೆ ಹೋಗಬಾರದು. ಜೆಎಸ್‌ಎಸ್ 55555 (ಸೇನಾ ಉಪಕರಣಗಳ ಪರಿಸರ ಪರೀಕ್ಷೆಯ ಮಾನದಂಡ) ಹೇಳುವ ಕಂಪನ, ಉಪ್ಪುಮಂಜು, ತೇವದ ಬಿಸಿ ಪರೀಕ್ಷೆಗಳಿಗೆ ಈ ಲಾಟಿನಿಂದಲೇ ನಗ ಆರಿಸಬೇಕು, ತಿಕ್ಕಿ ತೀಡಿದ ಸ್ಯಾಂಪಲನ್ನು ಕಳಿಸಬಾರದು. ವಿಮಾನ, ರಕ್ಷಣಾ ಉದ್ಯಮದ ಎಎಸ್9102 ಮಾನದಂಡದ ಪ್ರಕಾರ ತಯಾರಿಕೆಯ ವಿಧಾನ ಅಥವಾ ಜಾಗ ಬದಲಾದರೆ, ಎರಡು ವರ್ಷ ಉತ್ಪಾದನೆ ನಿಂತರೆ ಮೊದಲ ನಗದ ತಪಾಸಣೆ ಮತ್ತೆ ಆಗಬೇಕು. ಸೇನೆಯ ಆರ್ಡರುಗಳು ಬಿಟ್ಟು ಬಿಟ್ಟು ಬರುವುದರಿಂದ ಈ ಖರ್ಚು ಸಣ್ಣವರಿಗೆ ಮೇಲಿಂದ ಮೇಲೆ ಬೀಳುತ್ತದೆ.

ಆದ್ದರಿಂದ ಖರೀದಿಸುವ ಕಂಪನಿಗಳೂ ರಕ್ಷಣಾ ಇಲಾಖೆಯೂ ಟೆಂಡರಿನಲ್ಲಿ ಪೈಲಟ್ ಲಾಟಿಗೆ ಪ್ರತ್ಯೇಕ ದರ, ಪ್ರತ್ಯೇಕ ಅವಧಿ ನಮೂದಿಸಬೇಕು. ಡ್ರಾಯಿಂಗ್ ತಿದ್ದುಪಡಿಯ ಕೋರಿಕೆಗೆ ಉತ್ತರ ಬರುವವರೆಗೆ ಗಡುವಿನ ಲೆಕ್ಕ ನಿಲ್ಲಬೇಕು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ, ಹಣ ಪಾವತಿಗೆ ಗರಿಷ್ಠ 45 ದಿನ. ಈ ನಿಯಮ ಪೈಲಟ್ ಲಾಟಿಗೂ ಅನ್ವಯವಾಗಲಿ.

ರಾಜ್ಯ ಸರ್ಕಾರಕ್ಕೂ ನಮ್ಮದೊಂದು ಬೇಡಿಕೆ ಇದೆ. ಕೇಂದ್ರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಹುಬ್ಬಳ್ಳಿ-ಧಾರವಾಡದಲ್ಲಿ ಸಣ್ಣ ಉದ್ಯಮಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಆಗಲಿ. 20 ಡಿಗ್ರಿಯ ಕೋಣೆಯಲ್ಲಿ ಒಂದು ಸಿಎಂಎಂ (ಮೂರು ದಿಕ್ಕಿನಲ್ಲೂ ನಿಖರವಾಗಿ ಅಳೆಯುವ ಯಂತ್ರ), ಒಂದು ಸ್ಪೆಕ್ಟ್ರೋಮೀಟರ್, ಉಪ್ಪುಮಂಜಿನ ಚೇಂಬರ್, ಚಾರ್ಟ್ ರೆಕಾರ್ಡರ್ ಇರುವ ಬೇಕಿಂಗ್ ಓವನ್ ಮತ್ತು ಒಂದು ಕಂಪನ ಟೇಬಲ್ ಇದ್ದರೆ ಕೆಲಸ ಶುರುವಾಗುತ್ತದೆ. ಐಐಟಿ ಧಾರವಾಡ ಇಲ್ಲೇ ಇದೆ, ಅದನ್ನೂ ಈ ಕೆಲಸದಲ್ಲಿ ಕೂಡಿಸಿಕೊಳ್ಳಬಹುದು.

ಬಿಡಿಭಾಗ ತಯಾರಿಸುವ ಕೆಲವು ಸಣ್ಣ ಉದ್ಯಮಿಗಳು,
ಗೋಕುಲ ರಸ್ತೆ, ಹುಬ್ಬಳ್ಳಿ