ಹಳೆಯ ಕೊಡುಗೆಗಳ ಲೆಕ್ಕವೂ ಸಭೆಗೆ ಬರಲಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ರೋಟರಿ, ಲಯನ್ಸ್ ಮುಂತಾದ ಸೇವಾ ಕ್ಲಬ್‌ಗಳ ಪದಗ್ರಹಣ ಸಮಾರಂಭದ ಚಿತ್ರಗಳು ಸಾಲುಗಟ್ಟುತ್ತವೆ. ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ ಈ ಸಂಸ್ಥೆಗಳ ವರ್ಷ. ಕ್ಲಬ್ಬಿನ ಅಧ್ಯಕ್ಷರ ಅವಧಿಯೂ ಸಾಮಾನ್ಯವಾಗಿ ಅಷ್ಟೇ. ಹೊಸ ಅಧ್ಯಕ್ಷರ ಕೊರಳಿಗೆ ಪಟ್ಟಿ ಬೀಳುವ ಆ ಒಂದು ಸಂಜೆಗೆ ಸಿಗುವ ಜಾಗ, ಉಳಿದ ಹನ್ನೊಂದು ತಿಂಗಳು ಸದ್ದಿಲ್ಲದೆ ನಡೆಯುವ ಮಾಮೂಲಿ ಸಭೆಗಳಿಗೆ ಸಿಗುವುದಿಲ್ಲ. ಆ ಸಭೆಗಳ ಕಾರ್ಯಸೂಚಿಗೆ ಒಂದು ವಿಷಯವನ್ನು ಸೇರಿಸಿಕೊಳ್ಳಬೇಕೆಂದು ಕ್ಲಬ್‌ಗಳ ಸದಸ್ಯರನ್ನು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿ ಕೊಡುಗೆ ಪಡೆಯುವವರ ಸಾಲಿನಲ್ಲಿ ಕುಳಿತವನು. ನಮ್ಮ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇದನ್ನು ತಿಳಿದೇ ಒಂದು ಕ್ಲಬ್ಬಿನವರು ನಮ್ಮ ಶಾಲೆಗೆ ಆರ್‌ಓ ನೀರು ಶುದ್ಧೀಕರಣ ಯಂತ್ರ ಕೊಟ್ಟರು. ಟೇಪು ಕತ್ತರಿಸಿದ್ದಾಯಿತು, ಮಕ್ಕಳು ಚಪ್ಪಾಳೆ ತಟ್ಟಿದ್ದಾಯಿತು, ಅಧ್ಯಕ್ಷ–ಕಾರ್ಯದರ್ಶಿಗಳ ಹೆಸರಿರುವ ಗ್ರಾನೈಟ್ ಫಲಕವೂ ಗೋಡೆಗೆ ಬಂತು. ಎರಡನೆಯ ಬೇಸಿಗೆಯ ಹೊತ್ತಿಗೆ ಸವಳು ನೀರಿಗೆ ಯಂತ್ರದೊಳಗಿನ ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಂಡು, ನಲ್ಲಿಯಲ್ಲಿ ನೀರು ತೊಟ್ಟಿಕ್ಕತೊಡಗಿತು. ಅದನ್ನು ಬದಲಿಸುವಷ್ಟು ಹಣ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಯಲ್ಲಿ ಇರಲಿಲ್ಲ. ಕ್ಲಬ್ಬಿಗೆ ಪತ್ರ ಬರೆದಾಗ ಹೊಸ ಅಧ್ಯಕ್ಷರು ಬಹಳ ಸೌಜನ್ಯದಿಂದಲೇ, "ಸಾರ್, ಅದು ಹೋದ ವರ್ಷದ ಪ್ರಾಜೆಕ್ಟು, ಈ ವರ್ಷ ನಮ್ಮದು ಡೆಸ್ಕು" ಎಂದರು. ಡೆಸ್ಕುಗಳು ಬೇರೆ ಶಾಲೆಗೆ ಹೋದವು; ನಮ್ಮ ಮಕ್ಕಳು ಮತ್ತೆ ಕೊಳವೆಬಾವಿಯ ನೀರಿಗೇ ಬಾಯಿ ಇಟ್ಟರು.

ಆ ಅಧ್ಯಕ್ಷರನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದು ವರ್ಷದಲ್ಲಿ ತಮ್ಮ ಹೆಸರಿನಲ್ಲಿ ಏನಾದರೂ ಕಾಣುವಂತೆ ಮಾಡಬೇಕೆಂಬ ಒತ್ತಡ ಅವರ ಮೇಲಿರುತ್ತದೆ, ಕ್ಲಬ್‌ಗಳ ಮೇಲಿನ ಪದಾಧಿಕಾರಿಯಾದ ಜಿಲ್ಲಾ ಗವರ್ನರ್ ಭೇಟಿಯ ದಿನ ತೋರಿಸುವುದಕ್ಕೂ ಹೊಸದೇ ಬೇಕು. ಅತಿಥಿಯಾಗಿ ನಾನು ಕುಳಿತ ಸಭೆಗಳಲ್ಲಿ ಗಂಟೆ ಬಾರಿಸಿ, ಪ್ರಾರ್ಥನೆ ಮುಗಿಸಿ, ಹುಟ್ಟುಹಬ್ಬ ಮತ್ತು ವಿವಾಹ ವಾರ್ಷಿಕೋತ್ಸವದವರಿಗೆ ಶುಭಾಶಯ ಕೋರಿ, ಕಾರ್ಯದರ್ಶಿಗಳ ವರದಿ, ಅತಿಥಿಗಳ ಉಪನ್ಯಾಸ, ವಂದನಾರ್ಪಣೆ ಎಂದು ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯುತ್ತಿದ್ದವು. (ಊಟವೂ ಚೆನ್ನಾಗಿಯೇ ಇರುತ್ತಿತ್ತು.) ಆದರೆ ಹಿಂದೆ ಕೊಟ್ಟ ವಸ್ತು ಈಗ ಯಾವ ಸ್ಥಿತಿಯಲ್ಲಿದೆ ಎಂದು ಯಾರೂ ಎದ್ದು ಕೇಳಿದ್ದನ್ನು ನಾನು ಕಾಣಲಿಲ್ಲ. ರೋಟರಿಯು 2016ರಿಂದ ವಾರಕ್ಕೊಂದು ಸಭೆಯ ಕಟ್ಟುನಿಟ್ಟನ್ನು ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆದರೆ ಸಾಕೆಂದಿದೆ. ಆ ಎರಡರಲ್ಲಿ ಒಂದರ ಹತ್ತು ನಿಮಿಷ ಈ ಪ್ರಶ್ನೆಗೆ ಮೀಸಲಾದರೆ ಉಪನ್ಯಾಸಕ್ಕೇನೂ ಕೊರತೆಯಾಗದು.

ಪಟ್ಟು ಹಿಡಿದು ವರ್ಷಾನುಗಟ್ಟಲೆ ಒಂದೇ ಕೆಲಸ ಮಾಡುವುದು ಇವರಿಗೆ ಗೊತ್ತಿಲ್ಲವೆಂದಲ್ಲ. 1905ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ರೋಟರಿ, 1985ರಲ್ಲಿ ಪೋಲಿಯೊ ನಿರ್ಮೂಲನೆಯನ್ನು ಕೈಗೆತ್ತಿಕೊಂಡು ಇಂದಿಗೂ ಬಿಟ್ಟಿಲ್ಲ. ಭಾರತದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಇಷ್ಟು ವರ್ಷಗಳಲ್ಲಿ ಒಂದೊಂದು ಕ್ಲಬ್ಬಿಗೂ ಎಷ್ಟು ಅಧ್ಯಕ್ಷರು ಬಂದು ಹೋಗಿರಬೇಕು! ಪಲ್ಸ್ ಪೋಲಿಯೊ ಭಾನುವಾರ ಬೂತಿನಲ್ಲಿ ಕುಳಿತು, ಹನಿ ಹಾಕಿಸಿಕೊಂಡ ಮಗುವಿನ ಬೆರಳಿಗೆ ಗುರುತು ಬಿದ್ದಿದೆಯೇ ಎಂದು ನೋಡುತ್ತಿದ್ದ ಸದಸ್ಯರನ್ನು ನಮ್ಮ ಶಾಲೆಯ ಜಗಲಿಯಲ್ಲೇ ಕಂಡಿದ್ದೇನೆ.

ಊರಿನ ಮಟ್ಟದಲ್ಲೂ ಹೀಗೆ ನಡೆಯುವ ಕೆಲಸವಿದೆ. ನಮ್ಮ ಪಟ್ಟಣದ ಇನ್ನೊಂದು ಕ್ಲಬ್ಬಿನ ಶೀತಲ ಶವಪೆಟ್ಟಿಗೆ, ಗಾಲಿಕುರ್ಚಿ, ಆಮ್ಲಜನಕ ಯಂತ್ರಗಳು ಒಬ್ಬ ಸದಸ್ಯರ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿರುತ್ತವೆ. ಒಂದು ಉದ್ದನೆಯ ಲೆಡ್ಜರಿನಲ್ಲಿ ಪಡೆದವರ ಹೆಸರು, ದಿನಾಂಕ, ವಾಪಸು ಬಂದಾಗಿನ ಸ್ಥಿತಿ ಎಲ್ಲವನ್ನೂ ಬರೆದಿಡುತ್ತಾರೆ. ಅಧ್ಯಕ್ಷರು ಬದಲಾದರೂ ಲೆಡ್ಜರು ಬದಲಾಗಿಲ್ಲ. ಅಪರಾತ್ರಿಯಲ್ಲಿ ಸಾವಿನ ಮನೆಯವರು ಫೋನ್ ಮಾಡಿದರೆ ಪೆಟ್ಟಿಗೆ ಹೊರಡುತ್ತದೆ. ಈ ಕೆಲಸದ ಒಂದು ಸುದ್ದಿಯನ್ನೂ ನಾನು ಪತ್ರಿಕೆಯಲ್ಲಿ ಓದಿಲ್ಲ.

ರಕ್ತದಾನದ ವಿಷಯದಲ್ಲೂ ಸಭೆಗಳು ಸ್ವಲ್ಪ ಯೋಚಿಸಬೇಕು. ಸಂಗ್ರಹಿಸಿದ ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳನ್ನು ಸುಮಾರು 5 ದಿನ ಇಡಬಹುದು. ಆದರೂ ಗಾಂಧಿ ಜಯಂತಿಯಂದೋ ಸ್ವಾತಂತ್ರ್ಯ ದಿನದಂದೋ ಊರಿನ ಎಲ್ಲ ಸಂಸ್ಥೆಗಳೂ ಪೈಪೋಟಿಯಲ್ಲಿ ಶಿಬಿರ ನಡೆಸುತ್ತವೆ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್–ಮೇ ತಿಂಗಳಲ್ಲಿ ರೋಗಿಯ ಕಡೆಯವರು ದಾನಿಗಳಿಗಾಗಿ ಬೀದಿ ಸುತ್ತುತ್ತಾರೆ. ಕಾರ್ಯದರ್ಶಿಗಳು ಒಟ್ಟಿಗೆ ಕುಳಿತು ತಿಂಗಳುಗಳನ್ನು ಹಂಚಿಕೊಂಡರೆ ಇದಕ್ಕೆ ಬಿಡಿಗಾಸೂ ಖರ್ಚಾಗದು.

ಆದ್ದರಿಂದ ಕಳೆದ ಐದು ವರ್ಷಗಳ ಕೊಡುಗೆಗಳ ಪಟ್ಟಿಯೊಂದನ್ನು ಪ್ರತಿ ಕ್ಲಬ್ಬೂ ಇಟ್ಟುಕೊಂಡು, ತಿಂಗಳಿಗೊಮ್ಮೆ ಸಭೆಯಲ್ಲಿ ಓದಬೇಕು, ಪ್ರತಿ ಹೊಸ ಯೋಜನೆಯ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೆಂದು ತೆಗೆದಿರಿಸಬೇಕು, ಫಲಕದಲ್ಲಿ ಹೆಸರುಗಳ ಕೆಳಗೆ ಅಧ್ಯಕ್ಷರು ಬದಲಾದರೂ ಬದಲಾಗದ ಒಂದು ದೂರವಾಣಿ ಸಂಖ್ಯೆಯನ್ನು ಕೆತ್ತಿಸಬೇಕು ಎಂದು ವಿನಂತಿಸುತ್ತೇನೆ. ತಮ್ಮ ವರದಿಗಾರರು ಸಹ ಮುಂದಿನ ಪದಗ್ರಹಣಕ್ಕೆ ಹೋದಾಗ, ಹೊಸ ಅಧ್ಯಕ್ಷರ ಯೋಜನೆಗಳ ಜೊತೆಗೆ ಹಳೆಯ ಯಂತ್ರಗಳಲ್ಲಿ ಎಷ್ಟು ಓಡುತ್ತಿವೆ ಎಂದು ಒಂದು ಮಾತು ಕೇಳಿ ಬರೆಯಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ
ಚಿತ್ರದುರ್ಗ ಜಿಲ್ಲೆ