ಪಾನಾದ ವಾರಂಟಿ ನಮ್ಮ ಪೇಟೆಯಲ್ಲೇ ನಡೆಯಬೇಕು

ಸಂಪಾದಕರಿಗೆ ನಮಸ್ಕಾರ.

ಖಂಡೇಪೂಜೆ, ಅಂದರೆ ಆಯುಧಪೂಜೆ ಹತ್ತಿರ ಬಂತು. ಬೆಳಗಾವಿ ಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಪಾನಾ (ಸ್ಪ್ಯಾನರ್) ಸೆಟ್ಟು, ಸ್ಕ್ರೂಡ್ರೈವರ್ ಸೆಟ್ಟು ತೂಗುಹಾಕಿದ್ದಾರೆ. ಕೆಲವು ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ‘ಲೈಫ್‌ಟೈಮ್ ವಾರಂಟಿ’ ಎಂದು ಬರೆದಿದೆ. ಹೋದ ವರ್ಷ ಇದೇ ಹೊತ್ತಿಗೆ ಆ ಮಾತು ನಂಬಿ ನಾನೂ ಒಂದು ಸೆಟ್ಟು ತಂದಿದ್ದೆ. ಈ ಸಲ ಕೊಳ್ಳುವವರು ನನ್ನ ಹಾಗೆ ಮೋಸಹೋಗಬಾರದು ಅನಿಸಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫಿಟರ್ ಆಗಿದ್ದರು. ರವಿವಾರ ಬಂತೆಂದರೆ ಅಂಗಳದಲ್ಲಿ ಗೋಣಿಚೀಲ ಹಾಸಿ ಸೈಕಲ್ಲೋ ಪಂಪೋ ಬಿಚ್ಚಿಕೊಂಡು ಕೂಡುತ್ತಿದ್ದರು. ಪಾನಾ ಎತ್ತಿ ಕೊಡುವ ಕೆಲಸ ನನ್ನದು. ಹಾಗೆ ಕಲಿತ ಕೈ ಇವತ್ತಿಗೂ ಸುಮ್ನೆ ಕೂಡುವುದಿಲ್ಲ. ನನ್ನ ಸ್ಕೂಟರಿನ ಆಯಿಲ್ ನಾನೇ ಬದಲಿಸುತ್ತೇನೆ. ನಲ್ಲಿಯ ವಾಷರ್, ಬಾಗಿಲ ಕೀಲು, ತಮ್ಮನ ಹೊಲದ ಪಂಪಿನ ನಟ್ಟು, ಎಲ್ಲ ನನ್ನ ಕೈಯಲ್ಲೇ ಆಗುತ್ತದೆ.

ಹೊಸ ಸೆಟ್ಟಿನಲ್ಲಿ ಎಂಟು ಪಾನಾ ಇದ್ದವು, ಬೆಲೆ 850 ರೂಪಾಯಿ. ಹೊಳಪು ನೋಡಿದರೆ ಕನ್ನಡಿ. ಮೂರನೇ ತಿಂಗಳು ಆಯಿಲ್ ಬೋಲ್ಟ್ ಬಿಚ್ಚಲು 12-13 ಮಿಲಿಮೀಟರಿನ ಪಾನಾ ಹಾಕಿದೆ. ಒಂದೇ ಸಲ ಒತ್ತಿದ್ದು. ಪಾನಾದ ಬಾಯಿ ಅಗಲವಾಗಿ ಜಾರಿತು. ಬೋಲ್ಟಿನ ಮೂಲೆ ಸವೆದು ಗುಂಡಗಾಯಿತು, ನನ್ನ ಬೆರಳ ಗೆಣ್ಣು ಸ್ಟ್ಯಾಂಡಿಗೆ ಬಡಿದು ಚರ್ಮ ಕಿತ್ತುಬಂತು.

ಡಬ್ಬಿ ಹಿಡಿದು ಅಂಗಡಿಗೆ ಹೋದೆ. ‘ಬಿಲ್ ಐತೇನ್ರಿ ಅಕ್ಕಾರ?’ ಅಂದರು. ತೆಗೆದುಕೊಟ್ಟೆ. ಅದರಲ್ಲಿ ‘ಟೂಲ್ಸ್ 1, 850’ ಎಂದಷ್ಟೇ ಇತ್ತು. ‘ಯಾವ ಕಂಪನಿದು ಅಂತ ಬರದಿಲ್ಲಲ್ರಿ, ಕಂಪನಿಯವ್ರು ಒಪ್ಪೂದಿಲ್ಲ’ ಎಂದು ತಿರುಗಿ ಕೊಟ್ಟರು. ಆ ಬಿಲ್ ಬರೆದದ್ದು ಅವರ ಅಂಗಡಿಯಲ್ಲೇ ಅಲ್ವಾ? ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಪಾನಾವನ್ನು ಉತ್ತರ ಭಾರತದ ಒಂದು ಊರಿಗೆ ನಮ್ಮ ಖರ್ಚಿನಲ್ಲೇ ಕಳಿಸಬೇಕಂತೆ. ಅವರು ನೋಡಿ, ತಯಾರಿಕೆಯ ದೋಷ ಅನಿಸಿದರೆ ಮಾತ್ರ ಬೇರೆ ಕೊಡುತ್ತಾರಂತೆ. ಒಂದು ಪಾನಾಕ್ಕೆ ನೂರು ರೂಪಾಯಿ ಚಿಲ್ಲರೆ, ಕೊರಿಯರ್ ಖರ್ಚು ಅದಕ್ಕಿಂತ ಜಾಸ್ತಿ. ಅಲ್ಲಿಗೆ ಬಿಟ್ಟೆ.

ನಾನು ಹೇಳಬೇಕಾದದ್ದು ಇದೇ. ವಾರಂಟಿ ಎಷ್ಟು ವರ್ಷದ್ದು ಅನ್ನುವುದಕ್ಕಿಂತ, ಮುರಿದ ಪಾನಾವನ್ನು ನಮ್ಮ ಊರಿನಲ್ಲಿ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಮೊದಲು ಕೇಳಬೇಕು. ಕೈ ಉಪಕರಣಕ್ಕೆ ಜೀವನಪೂರ್ತಿ ವಾರಂಟಿ ಅನ್ನುವುದು ಹೆಸರಾದದ್ದು ಅಮೆರಿಕದಲ್ಲಿ. ಅಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಬ್ರ್ಯಾಂಡಿನ ಪಾನಾ ಮುರಿದರೆ ಅದನ್ನು ಮಾರಿದ ಸಿಯರ್ಸ್ ಅಂಗಡಿಯ ಕೌಂಟರಿಗೆ ಒಯ್ದು ಕೊಡುತ್ತಿದ್ದರು, ಬಿಲ್ಲೂ ಕೇಳದೆ ಹೊಸದು ಕೊಡುತ್ತಿದ್ದರು. 1920ರಲ್ಲಿ ಶುರುವಾದ ಸ್ನ್ಯಾಪ್‌-ಆನ್ ಕಂಪನಿಯ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ಮೆಕ್ಯಾನಿಕ್ ಮುರಿದದ್ದನ್ನು ಅಲ್ಲೇ ತೋರಿಸುತ್ತಾನೆ. ಆಮೇಲೆ ಸಿಯರ್ಸ್ ಸೊರಗಿತು, 2017ರಲ್ಲಿ ಕ್ರಾಫ್ಟ್ಸ್‌ಮನ್ ಹೆಸರನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕೊಂಡಿತು, ಸಿಯರ್ಸ್ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಹತ್ತಿರದ ಕೌಂಟರೇ ಮುಚ್ಚಿದ ಮೇಲೆ ಅಲ್ಲಿನವರೂ ಮುರಿದ ಪಾನಾ ಹಿಡಿದು ಬೇರೆ ಬಾಗಿಲು ಹುಡುಕಬೇಕಾಯಿತು.

ನಮ್ಮಲ್ಲೂ ಒಳ್ಳೆಯ ಮಾಲು ಇಲ್ಲವೆಂದಲ್ಲ. ಜಲಂಧರ, ಲುಧಿಯಾನಾಗಳಲ್ಲಿ ತಯಾರಾದ ಪಾನಾ, ಪಕ್ಕಡ್ (ಪ್ಲೈಯರ್) ಹೊರದೇಶಕ್ಕೂ ಹೋಗುತ್ತವೆ. ಟಪಾರಿಯಾ ಕಂಪನಿ 1960ರ ದಶಕದಲ್ಲಿ ಸ್ವೀಡನ್ನಿನ ಬಾಹ್ಕೊ ಜೊತೆ ಸೇರಿ ಕೆಲಸ ಕಲಿತು ನಾಸಿಕದಲ್ಲಿ ಬೆಳೆಯಿತು. ಅಪ್ಪ 1982ರಲ್ಲಿ ತಂದ ಅದರ ಪಕ್ಕಡ್ ಇವತ್ತಿಗೂ ತಂತಿಯನ್ನು ಕಚಕ್ಕನೆ ಕತ್ತರಿಸುತ್ತದೆ. ಅದರ ವಾರಂಟಿ ಕೇಳುವ ಪ್ರಸಂಗವೇ ಬರಲಿಲ್ಲ. ಆದರೆ ಹೆಸರಾದ ಬ್ರ್ಯಾಂಡಿಗೆ ನಕಲಿಯೂ ಬರುತ್ತದೆ. ಅದೇ ಬಣ್ಣ, ಅದೇ ಡಬ್ಬಿ, ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆ. ಕನ್ನಡಕ ಹಾಕಿಕೊಂಡು ಓದಿ. ಐಎಸ್‌ಐ ಗುರುತು ಇದ್ದರೆ ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಅದನ್ನು ಮೊಬೈಲಿನಲ್ಲಿ, ಆ ಗುರುತು ಕೊಡುವ ಸರಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಯಾವ ಮಾಲಿಗೆ ಕೊಟ್ಟದ್ದು ಎಂದು ಅಂಗಡಿಯಲ್ಲಿ ನಿಂತೇ ತಿಳಿಯಬಹುದು. ನಾನು ಈಗ ಹಾಗೇ ಮಾಡುತ್ತೇನೆ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಹೊಳಪಿಗೆ ಮರುಳಾಗಬೇಡಿ. ಹೊಳೆಯುವುದು ಮೇಲಿನ ಕ್ರೋಮ್ ಲೇಪನ, ತಾಕತ್ತು ಇರುವುದು ಒಳಗಿನ ಉಕ್ಕಿನಲ್ಲಿ. ಕ್ರೋಮ್ ವೆನೇಡಿಯಂ ಉಕ್ಕು ಸರಿಯಾಗಿ ಹದ ಮಾಡಿದ್ದರೆ ಬಾಯಿ ಅಗಲುವುದಿಲ್ಲ. ಬಿಗಿಯಾದ ನಟ್ಟಿಗೆ ಯಾವಾಗಲೂ ರಿಂಗ್ ಪಾನಾ ಹಾಕಿ. ಬಾಯಿ ತೆರೆದ ಫಿಕ್ಸ್ ಪಾನಾ ನಟ್ಟನ್ನು ಎದುರುಬದುರಿನ ಎರಡೇ ಮಗ್ಗುಲಲ್ಲಿ ಹಿಡಿಯುತ್ತದೆ, ರಿಂಗ್ ಆರೂ ಮೂಲೆಯನ್ನು ಹಿಡಿಯುತ್ತದೆ. ಆವತ್ತು ನಾನೂ ರಿಂಗನ್ನೇ ಹಾಕಬೇಕಿತ್ತು. ಹಾಗಂತ ಒಂದೇ ಒತ್ತಿಗೆ ಬಾಯಿ ತೆರೆಯುವ ಪಾನಾವನ್ನು ಮಾರುವುದು ಸರಿಯಾಗುವುದಿಲ್ಲ.

ಮನೆಗೆ ನೂರು ತುಂಡಿನ ಡಬ್ಬಿ ಬೇಡವೇ ಬೇಡ. ನಮ್ಮ ಸ್ಕೂಟರ್, ಬೈಕುಗಳ ಬಹುಪಾಲು ಕೆಲಸ 8, 10, 12, 14, 17ರ ಪಾನಾಗಳಲ್ಲಿ ಮುಗಿಯುತ್ತದೆ. ಅದೇ ದುಡ್ಡಿನಲ್ಲಿ ಈ ಐದು ಒಳ್ಳೆಯವು, ಎರಡು ಸ್ಕ್ರೂಡ್ರೈವರ್, ಒಂದು ಪಕ್ಕಡ್ ಕೊಂಡರೆ ಸಾಕು. ಪಕ್ಕಡ್ ವಿಷಯದಲ್ಲಿ ಒಂದು ಮಾತು. ಹಿಡಿಕೆಗೆ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಅದು ಕರೆಂಟ್ ತಡೆಯುತ್ತದೆ ಅಂದುಕೊಳ್ಳಬೇಡಿ. 1000 ವೋಲ್ಟ್ ಎಂಬ ಬರಹ, ಜೊತೆಗೆ ಎರಡು ತ್ರಿಕೋನದ ಗುರುತು ಇದ್ದರೆ ಮಾತ್ರ ಅದನ್ನು ಆ ಕೆಲಸಕ್ಕೆಂದು ಮಾಡಿದ್ದು. ಇದ್ದರೂ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ.

ನಮ್ಮ ಕಡೆಯ ತಪ್ಪೂ ಇದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಉದ್ದ ಮಾಡಿ ತಿರುವುತ್ತೇವೆ, ಹಿಂದಿನಿಂದ ಹತೋಡಿಯಲ್ಲಿ ಬಡಿಯುತ್ತೇವೆ, ಸ್ಕ್ರೂಡ್ರೈವರನ್ನು ಉಳಿಯ ಹಾಗೆ ಬಳಸುತ್ತೇವೆ. ಹೀಗೆ ಮುರಿದದ್ದಕ್ಕೆ, ಸವೆದದ್ದಕ್ಕೆ, ತುಕ್ಕು ಹಿಡಿದದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಬೆಳಗಾವಿ ಮಳೆಯಲ್ಲಂತೂ ತುಕ್ಕು ಎರಡೇ ದಿನದ ಮಾತು. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಿಂದ ಒರೆಸಿ ಇಡಬೇಕು. ಅಪ್ಪ ಊಟಕ್ಕೆ ಏಳುವ ಮುಂಚೆ ಅದನ್ನು ಮಾಡಿಯೇ ಏಳುತ್ತಿದ್ದರು.

ಇನ್ನು ಕಾನೂನು. ಆಗ ನನಗೆ ಇದು ತಿಳಿದಿದ್ದರೆ ಮೂರನೇ ತಿಂಗಳವರೆಗೆ ಕಾಯದೆ ಮೊದಲೇ ಬಳಸಿ ನೋಡುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ ವಾಪಸ್ ತೆಗೆದುಕೊಳ್ಳದಿರುವುದೂ ಹಾಗೇ. ಅವಧಿ ಬರೆದಿಲ್ಲದಿದ್ದರೆ 30 ದಿನ ಎಂದು ಲೆಕ್ಕ. ಆದ್ದರಿಂದ ತಂದ ಪಾನಾವನ್ನು ಮುಂದಿನ ಖಂಡೇಪೂಜೆಯವರೆಗೆ ಡಬ್ಬಿಯಲ್ಲೇ ಇಡಬೇಡಿ, ಮೊದಲ ತಿಂಗಳಲ್ಲೇ ಬಳಸಿ ನೋಡಿ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವು ಇರುವ ಊರಿನಿಂದಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವೂ ಇಲ್ಲ.

ನೂರು ರೂಪಾಯಿಯ ಪಾನಾಕ್ಕೆ ಯಾರು ಆಯೋಗಕ್ಕೆ ಹೋಗುತ್ತಾರೆ ಅನ್ನಬಹುದು. ನಿಜ. ಅದಕ್ಕೇ ಇದು ಅಂಗಡಿಯಲ್ಲೇ ಬಗೆಹರಿಯಬೇಕು. ಬೆಳಗಾವಿಯ ಹಾರ್ಡ್‌ವೇರ್ ವ್ಯಾಪಾರಿಗಳಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟು. ಬಿಲ್ಲಿನಲ್ಲಿ ಕಂಪನಿಯ ಹೆಸರು, ಪಾನಾದ ಸೈಜು, ತಾರೀಖು ಬರೆಯಿರಿ. ಮುರಿದದ್ದು ಬಂದರೆ ನಿಮ್ಮಲ್ಲೇ ಒಂದು ಡಬ್ಬಿಯಲ್ಲಿ ಕೂಡಿಸಿಡಿ, ಮಾಲು ತರುವ ಏಜೆಂಟರು ಬಂದಾಗ ಅವರ ಕೈಗೆ ಕೊಡಿ. ಕಂಪನಿಗಳು ವಾರಂಟಿಯ ಷರತ್ತನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಲಿ, ಬೆಳಗಾವಿಯಲ್ಲಿ ಯಾವ ಅಂಗಡಿ ವಾಪಸ್ ಪಡೆಯುತ್ತದೆ ಎಂದೂ ತಿಳಿಸಲಿ. ಫೌಂಡ್ರಿ, ಹೈಡ್ರಾಲಿಕ್ಸ್ ಕಾರ್ಖಾನೆಗಳಿಂದ ಹೆಸರಾದ ಊರು ನಮ್ಮದು. ಇಲ್ಲಿ ಪಾನಾ ಹಿಡಿಯುವ ಕೈಗಳು ಎಷ್ಟಿವೆ ಅನ್ನುವುದು ಅವರಿಗೂ ಗೊತ್ತು. ಹಬ್ಬದ ಮಾರಾಟ ಶುರುವಾಗುವ ಮೊದಲೇ ಒಂದಾದರೂ ಅಂಗಡಿಯವರು ಇದಕ್ಕೆ ಮುಂದೆ ಬಂದರೆ, ನನ್ನ ರಿಂಗ್ ಪಾನಾ ಸೆಟ್ಟನ್ನು ಅಲ್ಲೇ ಕೊಳ್ಳುತ್ತೇನೆ.

ಒಬ್ಬ ನಿವೃತ್ತ ಶಿಕ್ಷಕಿ
ಟಿಳಕವಾಡಿ, ಬೆಳಗಾವಿ