ನಕ್ಕರೆ ಏನು ಮಾಡಲಿ ಅಂತ ಕೇಳಿದ್ದೆಯಲ್ಲ

ನೀರ್ಚಾಲು

ಪ್ರೀತಿಯ ಮಗಳೇ,

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯಾಗಿರುತ್ತದೆ, ಅದು ಬೇಡ. ನಿನ್ನ ಕಾಗದದ ಕೊನೆಯ ಒಂದು ಸಾಲು ಎರಡು ದಿನದಿಂದ ತಲೆಯಲ್ಲಿ ಕೂತಿದೆ: "ಕ್ಲಾಸಿನವರಿಂದ ಬ್ಲಾಗ್ ಬರೆಸಬೇಕೆಂದಿದ್ದೇನೆ ದೊಡ್ಡಪ್ಪ, ಆದರೆ ನಮ್ಮ ಮಕ್ಕಳ ಕನ್ನಡ ನೋಡಿ ಘಟ್ಟದ ಮೇಲಿನವರು ನಕ್ಕರೆ?"

ನಗುವವರು ಇದ್ದಾರೆ, ಇಲ್ಲವೆಂದು ಹೇಗೆ ಹೇಳಲಿ. ಮನೆಯಲ್ಲಿ ತುಳುವೋ ಮಲಯಾಳವೋ ಆಡಿ ಬರುವ ಹುಡುಗ 'ಭಾಷೆ'ಯನ್ನು 'ಬಾಷೆ' ಎಂದೇ ಬರೆದಾನು. ಆದರೆ ಮೊದಲು ನಗುವವರು ನಾವೇ ಅಲ್ಲವೇ? 1956ರಲ್ಲಿ ರಾಜ್ಯಗಳು ಹಂಚಿಹೋದಾಗ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಗೆರೆಯ ಈಚೆ ಉಳಿದ ಮೇಲೆ ಕನ್ನಡವನ್ನು ಕಾಯುವ ಭರದಲ್ಲಿ ನಮ್ಮಂಥ ಮೇಷ್ಟ್ರುಗಳು ಕಾವಲುಗಾರರಾಗಿಬಿಟ್ಟೆವು. ನನ್ನ ಕೆಂಪು ಶಾಯಿಯ ಸಂಗತಿ ನಿನಗೆ ಗೊತ್ತೇ ಇದೆ. ತಪ್ಪಿಗೆಲ್ಲ ಸುತ್ತು ಹಾಕಿ ಹಿಂದಿರುಗಿಸಿದ್ದೇ ಬಂತು. ಒಬ್ಬರೂ ತಿದ್ದಿ ಬರೆದು ತರಲಿಲ್ಲ, ತನ್ನಿ ಎಂದು ನಾನೂ ಹೇಳಲಿಲ್ಲ.

ಅದಕ್ಕೇ ಹೇಳುವುದು, ಬಾಗಿಲು ಯಾರ ಕೈಯಲ್ಲಿ ಎಂಬುದನ್ನು ಮೊದಲು ನೋಡಿಕೋ. ಗೂಗಲ್‌ನವರ ಬ್ಲಾಗರ್ ತಾಣದಲ್ಲಿ ಲೇಖಕರಾಗಿ ಸೇರಿದವರು ಬಟನ್ ಒತ್ತಿದರೆ ಮುಗಿಯಿತು, ಬರಹ ಪ್ರಕಟ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಇನ್ನೊಂದು ಬ್ಲಾಗ್ ತಾಣದಲ್ಲಿ ಅವರನ್ನು 'ಕಾಂಟ್ರಿಬ್ಯೂಟರ್' ಎಂದು ಸೇರಿಸು. ಬರೆದು ಪರಿಶೀಲನೆಗೆ ಕಳುಹಿಸಬಹುದು, ಪ್ರಕಟಿಸುವುದು ನೀನೇ. ಇದರಲ್ಲೂ ಎರಡು ತೊಡಕು ಉಂಟು. ಅವರಿಗೆ ಚಿತ್ರ ಏರಿಸಲು ಬರುವುದಿಲ್ಲ, ಫೋಟೊ ನಿನಗೆ ಕಳುಹಿಸಲಿ. ಪ್ರಕಟವಾದ ಬರಹವನ್ನು ಅವರು ಮುಟ್ಟಲೂ ಆಗುವುದಿಲ್ಲ. ಕಮೆಂಟು ಓದಿ ತಿದ್ದಬೇಕಾದರೆ ನೀನು ಅದನ್ನು ಮತ್ತೆ ಡ್ರಾಫ್ಟಿಗೆ ಇಳಿಸಿ ಕೊಡಬೇಕು.

ಮೊದಲ ಎರಡು ತಿಂಗಳು ಇಡೀ ಬ್ಲಾಗು 'ಪ್ರೈವೇಟ್' ಇರಲಿ. ಸರ್ಚ್ ಎಂಜಿನ್‌ಗೆ ತೋರಿಸಬೇಡ ಎಂಬ ಚೌಕಕ್ಕೆ ಗುರುತು ಹಾಕಿ ನಿಶ್ಚಿಂತಳಾಗಬೇಡ, ಅದು ಬರೀ ವಿನಂತಿ, ಬೀಗವಲ್ಲ. ಆಮೇಲೆ ತೆರೆಯುವಾಗಲೂ ನಿನ್ನ ಒಪ್ಪಿಗೆಯಿಲ್ಲದೆ ಹೊರಗಿನವರ ಕಮೆಂಟು ಕಾಣಿಸದಂತೆ ಇಟ್ಟುಕೋ. ನಗುವವನು ನಿನ್ನೆದುರು ಮಾತ್ರ ನಗಲಿ.

ಕ್ಲಾಸಿನಲ್ಲಿ 32 ಮಂದಿ ಎಂದಿದ್ದೆ. ವಾರಕ್ಕೊಂದು ಬರಹ ಎಲ್ಲರಿಂದಲೂ ಕೇಳಿದರೆ, ಒಂದಕ್ಕೆ 10 ನಿಮಿಷ ಹಿಡಿದರೂ ನಿನಗೆ ಐದು ಗಂಟೆಗೆ ಮಿಕ್ಕಿ ಓದು. ಮೂರನೇ ವಾರಕ್ಕೆ ನೀನು ಸೋಲುತ್ತೀ, ನೀನು ಓದುತ್ತಿಲ್ಲವೆಂದು ಗೊತ್ತಾದ ದಿನ ಅವರೂ ನಿಲ್ಲಿಸುತ್ತಾರೆ. 8 ಮಂದಿಯ ನಾಲ್ಕು ಗುಂಪು ಮಾಡು. ಈ ವಾರ ಒಂದು ಗುಂಪು 250 ಪದ ಬರೆಯಲಿ, ಇನ್ನೊಂದು ಗುಂಪು ಕಮೆಂಟು ಹಾಕಲಿ, ಉಳಿದವರು ಓದಿದರೆ ಸಾಕು. 'ಚೆನ್ನಾಗಿದೆ' ಎಂಬ ಕಮೆಂಟಿಗೆ ಅಂಕ ಬೇಡ. ಬರಹದಿಂದ ಒಂದು ವಾಕ್ಯ ಎತ್ತಿ, ಅದರ ಮೇಲೆ ಒಂದು ಪ್ರಶ್ನೆ ಕೇಳಬೇಕು. ನಾನೇನು ಬ್ಲಾಗು ನಡೆಸಿದವನಲ್ಲ, ನಿನಗೆ ಸರಿ ಕಂಡದ್ದನ್ನು ಮಾಡು.

ಮತ್ತೆ ಅದೇ ನಗುವಿಗೆ ಬಂದೆ. ಪರಿಸರ ಮಾಲಿನ್ಯದಂಥ ವಿಷಯ ಕೊಟ್ಟರೆ ಎಲ್ಲಿಂದಲೋ ಎತ್ತಿದ ಅಚ್ಚುಕಟ್ಟು ಕನ್ನಡ ಬರುತ್ತದೆ, ಯಾರೂ ನಗುವುದಿಲ್ಲ, ಯಾರೂ ಓದುವುದೂ ಇಲ್ಲ. ಮನೆಮಾತಿನ ಒಂದು ಶಬ್ದ ತರಲು ಹೇಳು. ತುಳುವಿನವಳು 'ಗುಜ್ಜೆ' ತರಲಿ, ಮಲಯಾಳದವನು 'ಇಡಿಚ್ಚಕ್ಕ' ತರಲಿ. ಎಳೆ ಹಲಸನ್ನು ಯಾವ ಹದದಲ್ಲಿ ಕೊಯ್ಯುತ್ತಾರೆ, ಕೈಗಂಟಿದ ಮೇಣ ಹೇಗೆ ತೆಗೆಯುತ್ತಾರೆ, ಪಲ್ಯಕ್ಕೆ ಹೇಗೆ ಕೊಚ್ಚುತ್ತಾರೆ ಅಂತ ಅವರೇ ಬರೆಯಲಿ. ಅಲ್ಲಿ ಮಹಾಪ್ರಾಣ ತಪ್ಪಿದರೂ ಘಟ್ಟದ ಮೇಲಿನವರು ಕೊನೆಯವರೆಗೆ ಓದಿಯಾರು.

ತಪ್ಪು ತಿದ್ದದೆ ಬಿಡು ಎನ್ನುತ್ತಿಲ್ಲ. ಒಂದು ಸಲಕ್ಕೆ ಒಂದೇ ಬಗೆಯದನ್ನು ಹಿಡಿ, ಈ ಸಲ ಮಹಾಪ್ರಾಣ, ಮುಂದಿನ ಸಲ ವಿಭಕ್ತಿ. ವರ್ಡ್‌ಪ್ರೆಸ್ ಹಳೆಯ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಮೊದಲಿನದಕ್ಕೂ ತಿದ್ದಿದ್ದಕ್ಕೂ ಇರುವ ವ್ಯತ್ಯಾಸಕ್ಕೇ 10ರಲ್ಲಿ 5 ಅಂಕ ಕೊಡು. ಅಂಕ ಮಾತ್ರ ಕಮೆಂಟಿನಲ್ಲಿ ಬರೆಯಬೇಡ, ನಿನ್ನ ಪುಸ್ತಕದಲ್ಲಿರಲಿ.

'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ಮಕ್ಕಳ ತಪ್ಪಲ್ಲ. ಯೂನಿಕೋಡಿಗೆ ಬದಲಾಯಿಸಿಯೇ ಹಾಕಬೇಕು.

ಹೆಸರಿನ ವಿಷಯ ಮರೆತಿದ್ದೆ. ಅಂಜುವವರು ಕಾವ್ಯನಾಮ ಇಟ್ಟುಕೊಳ್ಳಲಿ, ಯಾವುದು ಯಾರದೆಂದು ನಿನಗೆ ಗೊತ್ತಿದ್ದರೆ ಸಾಕು. ಸೆಮಿಸ್ಟರ್ ಮುಗಿದ ಮೇಲೆ ತನ್ನದನ್ನು ತೆಗೆಯಿರಿ ಎಂದವರದ್ದನ್ನು ಕಾರಣ ಕೇಳದೆ ತೆಗೆದುಬಿಡು.

ಮೊದಲ ಗುಂಪಿನ ಎಂಟು ಬರಹ ಬಂದಾಗ ನನಗೂ ಒಂದು ಆಹ್ವಾನ ಕಳುಹಿಸು. ಓದಿ ಸುಮ್ಮನಿರುತ್ತೇನೆ.

ನಿನ್ನ ದೊಡ್ಡಪ್ಪ